ಮೇಲಿನ ಹುಲ್ಲುಗಾವಲಿನ ಲಾರ್ಚ್

ಎರ್ಸಿಲಿಯಾ ಬುತ್ತಿ ಕಟ್ಟುತ್ತಿದ್ದಳು. ಕಪ್ಪು ರೊಟ್ಟಿಯ ದಪ್ಪ ಹೋಳುಗಳು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಒಂದು ತುಂಡು ಚೀಸು, ಸೇಬು. ಎಲ್ಲವೂ ಇಬ್ಬರಿಗೆ ಆಗುವಷ್ಟು. ಚೀಸನ್ನು ಕಾಗದದಲ್ಲಿ ಸುತ್ತುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ಮೇಲಿನ ಹುಲ್ಲುಗಾವಲಲ್ಲಿ ಇನ್ನೂ ಹಿಮ ಇದೆ."

"ಬಿಸಿಲು ಬೀಳೋ ಮಗ್ಗುಲಲ್ಲಿ ಕರಗಿದೆ," ಅಂದ ಗಂಡ ವಿಜಿಲಿಯೊ, ಬೂಟಿನ ದಾರ ಬಿಗಿಯುತ್ತ. "ಮೊಗ್ಗು ಉಬ್ತಾ ಇದೆ. ಮರ ಅಗೆದು ತರೋಕೆ ಈ ವಾರ ಬಿಟ್ರೆ ಮುಂದಿನ ವರ್ಷವೇ."

"ಮಂಡಿ ಕುಯ್ಸಿಕೊಂಡು ಆರು ತಿಂಗಳಾಗಿಲ್ಲ ನಿಂಗೆ."

"ಅದಕ್ಕೇ ವಾಂದಾ ಬರ್ತಾಳಲ್ಲ ಜೊತೆಗೆ."

"ಹೌದೌದು. ವಾಂದಾ ಬರ್ತಾಳೆ." ಎರ್ಸಿಲಿಯಾ ಬುತ್ತಿಯ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ನಲವತ್ತು ವರ್ಷ ಆಯ್ತು ಈ ಮನೆಗೆ ಬಂದು. ನನ್ನನ್ನ ಒಂದು ದಿನ ಕರೆದಿದ್ದೀಯಾ ಮೇಲಕ್ಕೆ, ಮರ ನೋಡು ಬಾ ಅಂತ?"

ವಿಜಿಲಿಯೊ ತಲೆಯೆತ್ತಿ ನಿಜವಾಗಿಯೂ ಆಶ್ಚರ್ಯಪಟ್ಟ. "ನೀನು ಬರ್ತೀನಿ ಅಂತ ಯಾವತ್ತು ಹೇಳಿದ್ದೆ?"

ಅಷ್ಟರಲ್ಲಿ ಸೊಸೆ ವಾಂದಾ ಮೆಟ್ಟಿಲಿಳಿದು ಬಂದಳು. ಗಂಡನ ಹಳೇ ಕೆಲಸದ ಪ್ಯಾಂಟು ಹಾಕಿ, ಕೂದಲಿಗೆ ಬಟ್ಟೆ ಕಟ್ಟಿಕೊಂಡಿದ್ದಳು. "ಗರಗಸ ತಗೊಂಡೆ ಮಾವ, ಗೋಣಿತಾಟೂ ತಗೊಂಡೆ," ಅಂದಳು. ಅವಳ ದನಿಯಲ್ಲಿದ್ದ ಉತ್ಸಾಹ ಕೇಳಿ ಎರ್ಸಿಲಿಯಾ ಒಲೆಯ ಕಡೆ ತಿರುಗಿಬಿಟ್ಟಳು.

ವಿಜಿಲಿಯೊ ದುಡಿಯುವ ಕಾಲವನ್ನೆಲ್ಲ ಬೆಟ್ಟ ಹತ್ತಿಸುವ ರೋಪ್‌ವೇ ತೊಟ್ಟಿಲುಗಳ ರಿಪೇರಿಯಲ್ಲಿ ಕಳೆದವನು. ಮೇಲಿನ ನಿಲ್ದಾಣಗಳಲ್ಲಿ, ಕಾಡು ಮುಗಿದು ಬಂಡೆ ಶುರುವಾಗುವ ಕಡೆ, ಹಿಮ ಜಾರಿ ಜಾರಿ ಒರಗಿಸಿದ, ಆಡುಗಳು ಕಡಿದು ಕಡಿದು ಕುಳ್ಳಾದ, ಸೂಜಿಯೆಲೆಯ ಲಾರ್ಚ್ ಮರಗಳನ್ನು ನೋಡುತ್ತಿದ್ದ. ಕಾಂಡ ಮನುಷ್ಯನ ತೊಡೆಯಷ್ಟು ದಪ್ಪ, ಎತ್ತರ ಮಾತ್ರ ಸೊಂಟದವರೆಗೆ. ನೂರು ವರ್ಷದ ಮುದುಕ ಮರಗಳು. ಮೊದಮೊದಲು ನೋಡಿದ, ಆಮೇಲೆ ಒಂದನ್ನು ಅಗೆದು ತಂದ, ಆಮೇಲೆ ಅದೇ ಅವನ ಹುಚ್ಚಾಯಿತು. ಮನೆಯ ಹಿಂದೆ, ಹಲಗೆಯ ಬೆಂಚುಗಳ ಮೇಲೆ, ಮೂವತ್ತರಷ್ಟು ಬೋನ್ಸಾಯ್ ಲಾರ್ಚ್‌ಗಳು ನಿಂತಿದ್ದವು. ನಮ್ಮ ಸೋಲೆ ಕಣಿವೆಯಲ್ಲಿ ಕೆಳಗಿನವರೆಲ್ಲ ಸೇಬು ಬೆಳೆದರೆ ವಿಜಿಲಿಯೊ ಮರವನ್ನು ಬೆಳೆಯದ ಹಾಗೆ ನೋಡಿಕೊಳ್ಳುತ್ತಾನೆ ಅಂತ ಊರವರು ನಗುತ್ತಿದ್ದರು.

ವಾಂದಾ ನದಿಮುಖದ ಕಡೆಯ ಹೆಣ್ಣು. ಅವಳ ಊರಲ್ಲಿ ನೆಲ ತಟ್ಟೆಯ ಹಾಗೆ ಚಪ್ಪಟೆ. ಮದುವೆಯಾಗಿ ಬರುವವರೆಗೆ ಲಾರ್ಚ್ ಮರವನ್ನೇ ಕಂಡವಳಲ್ಲ. ಹಿಂದಿನ ಶರತ್ಕಾಲದಲ್ಲಿ ಮಾವನ ಮಂಡಿಗೆ ಶಸ್ತ್ರಚಿಕಿತ್ಸೆಯಾದಾಗ ಗಿಡಗಳಿಗೆ ನೀರು ಹಾಕಲು ಯಾರೂ ಇರಲಿಲ್ಲ, ಇವಳು ಹಾಕಿದಳು. ಹಾಕುತ್ತ ಹಾಕುತ್ತ ಕೇಳತೊಡಗಿದಳು. ಇದರ ತುದಿ ಯಾಕೆ ಒಣಗಿದೆ? ಕೊಂಬೆಗೆ ಸುತ್ತಿದ ಈ ತಂತಿ ಯಾಕೆ? ವಿಜಿಲಿಯೊ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಉತ್ತರ ಕೊಡತೊಡಗಿದ. ಮಾತೇ ಆಡದ ಮನುಷ್ಯ ಅಂತ ಹೆಂಡತಿ ಅಷ್ಟು ವರ್ಷ ನಂಬಿದ್ದವನು ಚಳಿಗಾಲ ಪೂರ್ತಿ ಬಾಯಿ ಮುಚ್ಚಲಿಲ್ಲ.

ಮಗ ಮೌರೊ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದ. ಆವತ್ತು ಮಧ್ಯಾಹ್ನ ಅವನಿಗೆ ಅಪ್ಪನ ಫೋನು ಬಂತು.

"ಬುಡ ಬಿಡಿಸಿದ್ವಿ. ಇಬ್ಬರ ಕೈಲಿ ಎತ್ತೋಕಾಗಲ್ಲ. ಬೆನ್ನಿಗೆ ಕಟ್ಟೋ ಚೌಕಟ್ಟು ತಗೊಂಡು ಬಾ."

"ಕೆಲಸದಲ್ಲಿದ್ದೀನಿ ಅಪ್ಪ."

"ಅರ್ಧ ದಿನ ಕೇಳು. ಬೇರು ಒಣಗುತ್ತೆ."

ಮೌರೊ ಕೇಳಿದ, ಹೋದ. ಹುಲ್ಲುಗಾವಲು ತಲುಪುವ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ದೂರದಿಂದಲೇ ಕಂಡದ್ದು, ಅಪ್ಪ ಮತ್ತು ಹೆಂಡತಿ ಒಂದೇ ಬಂಡೆಯ ಮೇಲೆ ಕೂತು ಸೇಬು ತಿನ್ನುತ್ತಿರುವುದು. ಅಪ್ಪ ಏನೋ ಹೇಳಿದ, ವಾಂದಾ ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವರ ಮುಂದೆ ಒದ್ದೆ ಗೋಣಿಯಲ್ಲಿ ಬುಡ ಸುತ್ತಿಸಿಕೊಂಡು ಲಾರ್ಚ್ ಮಲಗಿತ್ತು. ಕಾಂಡ ಹಾವಿನ ಹಾಗೆ ನೆಲ ಹಿಡಿದು ಹರಿದು, ಆಮೇಲೆ ಒಮ್ಮೆಗೇ ಮೇಲಕ್ಕೆದ್ದಿತ್ತು. ಒಂದು ಮಗ್ಗುಲಲ್ಲಿ ತೊಗಟೆ ಹೋಗಿ ಮರ ಬೆಳ್ಳಗೆ ಮೂಳೆಯಂತಾಗಿತ್ತು.

"ಹೇಗಿದೆ?" ಅಂತ ವಾಂದಾ ಓಡಿಬಂದಳು. "ಈ ಕಡೆಯಿಂದ ನೋಡು. ಮಾವ ಆ ಕಡೆ ಮುಂಭಾಗ ಅಂದ್ರು, ನಾನು ಈ ಕಡೆ ಅಂದೆ. ಆಮೇಲೆ ಅವರೇ ಒಪ್ಪಿಕೊಂಡ್ರು!"

"ಭಾರ ಎಷ್ಟಿರಬಹುದು?" ಅಂತ ಕೇಳಿದ ಮೌರೊ.

ಮರ ಬೆನ್ನಿಗೆ ಕಟ್ಟಿಕೊಂಡು ಇಳಿದ ಮೌರೊನಿಗೆ ಇಳಿಜಾರಿನುದ್ದಕ್ಕೂ ಹಿಂದಿನಿಂದ ಅಪ್ಪನ ದನಿ. "ಅಲ್ಲಾಡಿಸಬೇಡ. ಕೊಂಬೆಗೆ ಕೊಂಬೆ ತಗುಲೀತು. ನಿಧಾನ, ನಿಧಾನ, ಅದು ಹಲಗೆ ಅಲ್ಲ ಮಾರಾಯ."

ಆ ರಾತ್ರಿಯ ಊಟಕ್ಕೆ ಎರ್ಸಿಲಿಯಾ ಬಾರ್ಲಿ ಸೂಪು ಮಾಡಿದ್ದಳು. ಮೌರೊ ಭುಜ ಒತ್ತಿಕೊಳ್ಳುತ್ತ ಕೂತ. ವಿಜಿಲಿಯೊ ಚಮಚದಲ್ಲಿ ಗಾಳಿಯಲ್ಲೇ ಮರದ ಚಿತ್ರ ಬರೆಯುತ್ತಿದ್ದ.

"ನೋಡ್ತಾ ಇರು ವಾಂದಾ, ಎರಡು ವರ್ಷ ಮುಟ್ಟೋ ಹಾಗಿಲ್ಲ ಅದನ್ನ. ಪೆಟ್ಟಿಗೇಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದೀವಿ, ಅಲ್ಲಾಡಬಾರದು. ನೀರು, ನೆರಳು, ಅಷ್ಟೇ. ಬೇರು ಹಿಡಿದಮೇಲೆ ಕೊಂಬೆ ಬಗ್ಗಿಸೋಕೆ ತಂತಿ. ಆ ಕೆಳಗಿನ ಕೊಂಬೆ ಇದೆಯಲ್ಲ..."

"ಅದನ್ನ ಕೆಳಕ್ಕೆ ತರಬೇಕು," ಅಂದಳು ವಾಂದಾ.

"ಶಭಾಷ್!" ವಿಜಿಲಿಯೊ ಮೇಜು ಕುಟ್ಟಿದ. "ಕೇಳಿದ್ರಾ? ನಾನು ಹೇಳಿಕೊಟ್ಟಿಲ್ಲ. ತಾನಾಗೇ ನೋಡಿದ್ದಾಳೆ."

"ಸೂಪು ಆರ್ತಾ ಇದೆ," ಅಂದಳು ಎರ್ಸಿಲಿಯಾ.

"ನಾನು ಹದಿನಾಲ್ಕು ವರ್ಷದವನಿದ್ದಾಗ ಒಂದು ಕೊಂಬೆ ಬಗ್ಗಿಸೋಕೆ ಹೋಗಿ ಮುರಿದೆ," ಅಂದ ಮೌರೊ, ಯಾರನ್ನೂ ನೋಡದೆ. "ನನ್ನ ಕೈಯಿಂದ ಇಕ್ಕಳ ಕಿತ್ತುಕೊಂಡೆ ನೀನು. ಮತ್ತೆ ಕೊಡಲೇ ಇಲ್ಲ."

"ಯಾವ ಕೊಂಬೆ?" ವಿಜಿಲಿಯೊನಿಗೆ ನೆನಪೇ ಇರಲಿಲ್ಲ.

ಮೌರೊ ರೊಟ್ಟಿ ಮುರಿದು ಸೂಪಿಗೆ ಹಾಕಿದ.

ಮೇ ತಿಂಗಳಲ್ಲಿ ಲಾರ್ಚ್ ಚಿಗುರಿತು. ಕೊಂಬೆಯುದ್ದಕ್ಕೂ ಎಳೆ ಹಸಿರಿನ ಸಣ್ಣ ಕುಂಚಗಳು. ವಾಂದಾ ಬೆಳಗ್ಗೆ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ, ಅದರ ಮೇಲೆ ನೀರು ಚಿಮುಕಿಸುತ್ತಿದ್ದಳು. ಎರ್ಸಿಲಿಯಾ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದಳು. ಸೊಸೆ ಒಳಗೆ ಬಂದಕೂಡಲೇ ಒಂದು ಕೆಲಸ ಕಾದಿರುತ್ತಿತ್ತು. ಆಲೂಗಡ್ಡೆ ಸುಲಿಯುವುದು, ನೆಲಮಾಳಿಗೆಯ ಮೆಟ್ಟಿಲು ಉಜ್ಜುವುದು.

"ಅತ್ತೆ, ಮೆಟ್ಟಿಲು ನಿನ್ನೆ ತಾನೇ ಉಜ್ಜಿದೆ."

"ಮರಕ್ಕೆ ದಿನಾ ನೀರು ಬೇಕಾದ್ರೆ ಮೆಟ್ಟಿಲಿಗೂ ಬೇಡ್ವಾ?"

ಜೂನಿನ ಒಂದು ಭಾನುವಾರ ಒರೆಸ್ತೆ ಬಂದ. ಪಕ್ಕದ ಕಣಿವೆಯವನು, ವಿಜಿಲಿಯೊನ ಹಾಗೇ ಲಾರ್ಚ್ ಹುಚ್ಚಿನವನು, ಬೋನ್ಸಾಯ್ ಸಂಘದ ಹಿರಿಯ. ಬೆಂಚಿನಿಂದ ಬೆಂಚಿಗೆ ಹೋಗಿ, ಬಗ್ಗಿ, ಕನ್ನಡಕ ಏರಿಸಿ ಇಳಿಸಿ ನೋಡಿದ. ಒಂದು ಚಿಕ್ಕ ಮರದ ಮುಂದೆ ನಿಂತ.

"ಇದರ ತಂತಿ ಯಾರು ಕಟ್ಟಿದ್ದು? ನಿನ್ನದಲ್ಲ ಇದು. ನೀನು ಇಷ್ಟು ಒಪ್ಪವಾಗಿ ಯಾವತ್ತೂ ಕಟ್ಟಿದವನಲ್ಲ."

"ಸೊಸೆ," ಅಂದ ವಿಜಿಲಿಯೊ, ಪಕ್ಕದಲ್ಲಿದ್ದ ವಾಂದಾಳನ್ನು ತೋರಿಸುತ್ತ. ಅವನ ಮುಖ ಅರಳಿದ್ದನ್ನು ಕಾಫಿ ತಟ್ಟೆ ಹಿಡಿದು ನಿಂತಿದ್ದ ಎರ್ಸಿಲಿಯಾ ಕಂಡಳು. ಸೌದೆ ಒಡೆಯುತ್ತಿದ್ದ ಮೌರೊನೂ ಕಂಡ. "ನನ್ನ ಕಾಲ ಆದಮೇಲೆ ಇವೆಲ್ಲ ಅವಳಿಗೇ. ಇನ್ಯಾರು ನೋಡ್ಕೋತಾರೆ?"

ಕೊಡಲಿ ಒಮ್ಮೆ ತಪ್ಪಿ ಬಿತ್ತು. ಕೊರಡು ಅಂಗಳದಾಚೆಗೆ ಹಾರಿತು.

ಒರೆಸ್ತೆ ಹೋದಮೇಲೆ ಮೌರೊ ಕೋಣೆಗೆ ಬಂದು ಮಂಚದ ಮೇಲೆ ಕೂತ. ವಾಂದಾ ಉಗುರಿಗೆ ಹತ್ತಿದ ಮರದ ಅಂಟು ಉಜ್ಜಿ ತೆಗೆಯುತ್ತಿದ್ದಳು.

"ಮರವೆಲ್ಲ ನಿನಗೇ ಅಂದಾಗ ನೀನು ಬೇಡ ಅನ್ಬಹುದಿತ್ತು," ಅಂದ.

"ಯಾಕೆ ಬೇಡ ಅನ್ಲಿ? ನಿನಗೆ ಬೇಕಿತ್ತಾ?"

"ನಾನು ಅವನ ಮಗ."

"ಮಗ ಅಂತ ನೀರು ಹಾಕಿದ್ದೀಯಾ ಒಂದು ದಿನ? ಅವುಗಳ ಹತ್ತಿರವೇ ಬರಲ್ಲ ನೀನು. ಗರಗಸದ ಮುಂದೆ ನಿಂತು ಲಾರ್ಚ್ ಸೀಳ್ತೀಯ, ಮನೆಗೆ ಬಂದು ಲಾರ್ಚ್ ಕಂಡ್ರೆ ಮುಖ ತಿರುಗಿಸ್ತೀಯ."

"ಹತ್ತಿರ ಬರೋಕೆ ಯಾರು ಬಿಟ್ರು?"

"ಕೇಳಿದ್ದೀಯಾ?"

"ನೀನು ಅವನ ಜೊತೆ ನಗ್ತೀಯಲ್ಲ, ಹಾಗೆ ನನ್ನ ಜೊತೆ ನಕ್ಕು ಎಷ್ಟು ದಿನ ಆಯ್ತು?"

ವಾಂದಾ ಕೈ ಒರೆಸಿಕೊಂಡು ಗಂಡನನ್ನು ನೋಡಿದಳು. "ನಿಂಗೆ ಹೊಟ್ಟೆಕಿಚ್ಚು ನನ್ನ ಮೇಲೋ, ನಿನ್ನಪ್ಪನ ಮೇಲೋ? ಮೊದಲು ಅದನ್ನ ತೀರ್ಮಾನ ಮಾಡ್ಕೊಂಡು ಬಾ. ಆಮೇಲೆ ಜಗಳ ಆಡೋಣ."

ಮೌರೊ ಬಾಗಿಲು ಬಡಿದುಕೊಂಡು ಹೋದ. ತೀರ್ಮಾನ ಮಾಡಲು ಅವನಿಗೆ ಆಗಲೇ ಇಲ್ಲ.

ಆಗಸ್ಟ್ ಶುರುವಿನಲ್ಲಿ ಸಂಘದ ಪ್ರದರ್ಶನ ಬಂತು. ವಿಜಿಲಿಯೊ ಮತ್ತು ವಾಂದಾ ಮೂರು ಮರಗಳನ್ನು ಕಂಬಳಿಯಲ್ಲಿ ಸುತ್ತಿ ಒರೆಸ್ತೆಯ ವ್ಯಾನಿನಲ್ಲಿಟ್ಟುಕೊಂಡು ಹೊರಟರು. ಶನಿವಾರ, ಭಾನುವಾರ ಅಲ್ಲೇ ಇರಬೇಕು.

"ಪೆಟ್ಟಿಗೆಯ ಲಾರ್ಚ್‌ಗೆ ನೀರು ಚಿಮುಕಿಸು," ಅಂದ ವಿಜಿಲಿಯೊ ಮಗನಿಗೆ. "ಬೇರೆ ಏನೂ ಮಾಡ್ಬೇಡ."

ಶನಿವಾರ ಬೆಳಗ್ಗೆ ಮೌರೊ ನೀರು ಚಿಮುಕಿಸಿದ. ಚಿಮುಕಿಸಿ ಅಲ್ಲೇ ನಿಂತ. ಇಷ್ಟು ದಿನ ಓರೆಗಣ್ಣಲ್ಲಿ ಮಾತ್ರ ನೋಡಿದ್ದ ಮರವನ್ನು ಸುತ್ತಿ ಸುತ್ತಿ ನೋಡಿದ. ಕೆಳಗಿನ ಕೊಂಬೆ ಅಡ್ಡಕ್ಕೆ ಚಾಚಿ ತುದಿಯಲ್ಲಿ ಮೇಲೆ ನೋಡುತ್ತಿತ್ತು. ಲಾರ್ಚಿನ ಎಳೆಗಳು ಎಲ್ಲಿ ಸೀಳುತ್ತವೆ, ಎಲ್ಲಿ ಬಾಗುತ್ತವೆ ಅನ್ನುವುದು ಹಲಗೆ ಸೀಳುವವನ ಕೈಗೆ ಗೊತ್ತಿತ್ತು. ಅವನು ಅಪ್ಪನ ಸಾಮಾನಿನ ಪೆಟ್ಟಿಗೆಯಿಂದ ತಾಮ್ರದ ತಂತಿ ತಂದ.

ಎರ್ಸಿಲಿಯಾ ಬಾಗಿಲಿಗೆ ಬಂದಳು. "ಏನು ಮಾಡ್ತಿದ್ದೀಯ?"

"ಕೊಂಬೆ ಇಳಿಸ್ತೀನಿ."

"ಮುಟ್ಬೇಡ ಅಂದಿದ್ದಾನೆ."

"ನಂಗೆ ಯಾವತ್ತು ಮುಟ್ಟು ಅಂದಿದ್ದ?"

ಎರ್ಸಿಲಿಯಾ ಒಳಗೆ ಹೋಗಿ ಒಂದು ಬೋಗುಣಿಯಲ್ಲಿ ಗಿಡದ ನಾರು ನೆನೆಹಾಕಿ ತಂದಳು. "ನಿನ್ನಪ್ಪ ಮೊದಲು ಇದನ್ನ ಸುತ್ತುತ್ತಾನೆ. ತೊಗಟೆ ಸೀಳಬಾರದು ಅಂತ. ಎಷ್ಟು ವರ್ಷ ನನ್ನ ಬೋಗುಣಿ ಹಾಳು ಮಾಡಿದ್ದಾನೆ, ನಂಗೊತ್ತಿಲ್ವಾ?"

ತಾಯಿ ಕೊಂಬೆ ಹಿಡಿದಳು, ಮಗ ನಾರು ಸುತ್ತಿದ, ಅದರ ಮೇಲೆ ತಂತಿ. ಎರ್ಸಿಲಿಯಾ ಅಡುಗೆ ಮರೆತಳು. ಹಸಿವಾದಾಗ ನಿನ್ನೆಯ ತಣ್ಣನೆ ಮೆಕ್ಕೆಜೋಳದ ಮುದ್ದೆ ಪೊಲೆಂತಾವನ್ನು ಬೆಣ್ಣೆಯಲ್ಲಿ ಹುರಿದು ತಂದಳು. ಬಾಣಲೆಯಿಂದಲೇ ಇಬ್ಬರೂ ತಿಂದರು. ಹಳೇ ಮಾತು ಬಂತು, ಊರಿನ ಮಾತು ಬಂತು. ವಾಂದಾ ಮಾವನಿಗೆ "ಶಭಾಷ್" ಅನ್ನಿಸಿಕೊಂಡು ನಿಲ್ಲುವ ರೀತಿಯನ್ನು ಎರ್ಸಿಲಿಯಾ ಮಾಡಿ ತೋರಿಸಿದಳು, ಮೌರೊ ಕೆಮ್ಮುವಷ್ಟು ನಕ್ಕ. ಸಂಜೆಯ ಹೊತ್ತಿಗೆ ಕೊಂಬೆ ಕೆಳಗಿಳಿದು, ಒಂದು ಕಡೆ ತುಸು ಹೊರಳಿ, ಹಿಮದ ಭಾರಕ್ಕೆ ತಾನಾಗಿಯೇ ತಲೆಬಾಗಿಸಿದಂತೆ ನಿಂತಿತ್ತು. ಎಲ್ಲೂ ಸೀಳಿರಲಿಲ್ಲ.

"ಚೆನ್ನಾಗಿದೆ ಕಣೋ," ಅಂದಳು ತಾಯಿ. ಆ ಬೇಸಿಗೆಯಲ್ಲಿ ಆ ಮನೆಯಲ್ಲಿ ಯಾರೂ ಯಾರ ಮೇಲೂ ಕರುಬದೆ ಕಳೆದ ದಿನ ಅದೊಂದೇ ಇರಬೇಕು.

ಭಾನುವಾರ ಸಂಜೆ ವ್ಯಾನು ಬಂತು. ವಾಂದಾ ತಂತಿ ಕಟ್ಟಿದ್ದ ಚಿಕ್ಕ ಮರಕ್ಕೆ ಬಹುಮಾನ ಬಂದಿತ್ತು. ಅವಳ ಕೋಟಿನ ಮೇಲೆ ಹಸಿರು ರಿಬ್ಬನ್ ಇತ್ತು. ವಿಜಿಲಿಯೊ ಮನೆಯೊಳಗೂ ಹೋಗದೆ ನೇರ ಹಿತ್ತಿಲಿಗೆ ಹೋದ. ಲಾರ್ಚಿನ ಮುಂದೆ ನಿಂತವನು ಅಲ್ಲಾಡಲಿಲ್ಲ.

"ಈ ಬಾಗು..." ಅಂದ. ಬಗ್ಗಿ ನೋಡಿದ, ಆಚೆ ಹೋಗಿ ನೋಡಿದ. ಬೆರಳಲ್ಲಿ ಗಾಳಿಯಲ್ಲೇ ಕೊಂಬೆಯ ದಾರಿ ಹಿಡಿದ. "ನನ್ನ ಕೈಯಲ್ಲಿ ಇದು ಬರ್ತಿರಲಿಲ್ಲ. ಯಾರು ಮಾಡಿದ್ದು?"

"ನಾನು," ಅಂದ ಮೌರೊ.

ಅಷ್ಟು ಹೊತ್ತಿಗೆ ವಿಜಿಲಿಯೊನಿಗೆ ಎಚ್ಚರವಾಯಿತು. ಮುಖ ಕೆಂಪಾಯಿತು. "ಬೇರು ಹಿಡಿಯದ ಮರ ಅದು! ಎರಡು ವರ್ಷ ಮುಟ್ಬಾರದು ಅಂತ ಬಡ್ಕೊಂಡಿದ್ದೆನಲ್ಲ! ಒಂದೊಂದು ಸಲ ಬಗ್ಗಿಸಿದಾಗಲೂ ಒಳಗೆ ಬೇರು ಕಿತ್ತಿರುತ್ತೆ. ಕಿವಿ ಇಲ್ವಾ ನಿಂಗೆ?"

"ಕಿವಿ ಇದೆ. ನೀನು ಮೊದಲು ಹೇಳಿದ್ದೂ ಕೇಳಿಸ್ತು."

"ಕೊಲೆಗಾರ!"

"ಅವನೊಬ್ಬನೇ ಅಲ್ಲ," ಅಂದಳು ಎರ್ಸಿಲಿಯಾ. "ಕೊಂಬೆ ಹಿಡಿದಿದ್ದು ನಾನು. ನನ್ನನ್ನೂ ಬೈ."

ವಿಜಿಲಿಯೊ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. "ಇನ್ನು ಯಾರೂ ಕೈ ಹಚ್ಬೇಡಿ," ಅಂತ ಗೊಣಗಿದ. "ತಂತಿ ಬಿಚ್ಚೋಕೆ ಹೋದ್ರೆ ಮತ್ತೆ ಅಲ್ಲಾಡುತ್ತೆ. ಹಾಗೇ ಇರ್ಲಿ." ಆದರೆ ಒಳಗೆ ಹೋಗುವ ಮುಂಚೆ ಇನ್ನೊಮ್ಮೆ ತಿರುಗಿ ಆ ಕೊಂಬೆಯನ್ನು ನೋಡಿದ. ಬಹಳ ಹೊತ್ತು ನೋಡಿದ.

ಅದನ್ನು ವಾಂದಾ ಕಂಡಳು. ಕೋಟಿನ ರಿಬ್ಬನ್ನಿನ ಬಗ್ಗೆ ಮನೆಯಲ್ಲಿ ಆವತ್ತು ಯಾರೂ ಕೇಳಲಿಲ್ಲ.

ನಾಲ್ಕೈದು ದಿನ ಅವಳು ತಡೆದುಕೊಂಡಳು. ದಿನಾ ನೀರು ಚಿಮುಕಿಸುವಾಗ ಆ ಬಾಗು ಕಣ್ಣಿಗೆ ಬೀಳುತ್ತಿತ್ತು. ತಾನು ಎಂಟು ತಿಂಗಳು ಕಲಿತರೂ ಹಾಗೆ ಬಗ್ಗಿಸಲಾರೆ ಅನ್ನುವುದು ಅವಳಿಗೆ ಗೊತ್ತಾಗಿತ್ತು. ಒಂದೇ ಒಂದು ದಿನ ಕೈಯಿಟ್ಟವನು! ಒಂದು ಮಧ್ಯಾಹ್ನ ಮಾವ ಮಂಡಿ ತೋರಿಸಲು ವೈದ್ಯರ ಬಳಿ ಹೋಗಿದ್ದ, ಮೌರೊ ಮಿಲ್ಲಿಗೆ ಹೋಗಿದ್ದ. ವಾಂದಾ ಕತ್ತರಿ ತೆಗೆದುಕೊಂಡು ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ಎಳೆದು ತೆಗೆದಳು. ನಾರನ್ನೂ ಹರಿದಳು. ಮರದ ಒಳ್ಳೆಯದಕ್ಕೇ ಅಂದುಕೊಂಡಳು. ಕೊಂಬೆ ನಿಧಾನವಾಗಿ ಹಳೆಯ ಜಾಗಕ್ಕೆ ಎದ್ದಿತು. ತುಂಡುಗಳನ್ನು ಆರಿಸಿ ಹಿತ್ತಿಲಲ್ಲಿದ್ದ ಬೂದಿಯ ಡಬ್ಬಕ್ಕೆ ಹಾಕಿ ತಿರುಗಿದಾಗ ಅತ್ತೆ ಅಡುಗೆಮನೆಯ ಕಿಟಕಿಯಲ್ಲಿದ್ದಳು.

ಎರ್ಸಿಲಿಯಾ ಬರೀ ಕರೆದಳು, "ವಾಂದಾ, ಬೀನ್ಸು ಬಿಡಿಸೋದಿದೆ." ವಾಂದಾ ತೆಪ್ಪಗೆ ಹೋಗಿ ಬಿಡಿಸಿದಳು.

ಸಂಜೆ ಮೌರೊ ಬಂದು ನೋಡಿದ. ತಂತಿ ಇರಲಿಲ್ಲ. ಅಪ್ಪನೇ ಕಿತ್ತೆಸೆದಿದ್ದಾನೆ ಅಂದುಕೊಂಡ. ಅಪ್ಪ ಬಂದು ನೋಡಿದ. ಬೈದ ಸಿಟ್ಟಿಗೆ ಮಗನೇ ಕಿತ್ತು ಹಾಕಿದ್ದಾನೆ ಅಂದುಕೊಂಡ. ಇಬ್ಬರೂ ಊಟಕ್ಕೆ ಕೂತರು, ಉಪ್ಪಿನ ಡಬ್ಬಿಯನ್ನು ಎರ್ಸಿಲಿಯಾಳ ಮೂಲಕ ಕೇಳಿದರು.

ಆಗಸ್ಟ್ ಮುಗಿಯುವ ಹೊತ್ತಿಗೆ ಪೆಟ್ಟಿಗೆಯ ಲಾರ್ಚ್ ಹಳದಿಯಾಗತೊಡಗಿತು. ಎಲೆ ಹಳದಿಯಾಗುವ ಕಾಲ ಇನ್ನೂ ಬಂದಿರಲಿಲ್ಲ. ಅಕ್ಟೋಬರಿನಲ್ಲಿ ಇಡೀ ಕಣಿವೆಯ ಲಾರ್ಚ್‌ಗಳೂ ಹೊಂಬಣ್ಣಕ್ಕೆ ತಿರುಗಿ ಸೂಜಿಗಳನ್ನು ಉದುರಿಸಿದವು. ಬೆಂಚಿನ ಮೇಲಿನವೂ ಬೋಳಾದವು, ಇದೂ ಬೋಳಾಯಿತು. ಈಗ ಯಾವುದು ಮಲಗಿದೆ, ಯಾವುದು ಸತ್ತಿದೆ ಅಂತ ನೋಡಿ ಹೇಳುವ ಹಾಗಿರಲಿಲ್ಲ. ವಸಂತದವರೆಗೆ ಕಾಯಬೇಕಿತ್ತು.

ಆ ಚಳಿಗಾಲ ವಾಂದಾಳಷ್ಟು ವಿಧೇಯ ಸೊಸೆ ನಮ್ಮ ಕಣಿವೆಯಲ್ಲೇ ಇರಲಿಲ್ಲ. ಎರ್ಸಿಲಿಯಾ ಹೇಳುವ ಮುಂಚೆ ಎದ್ದು ಸೌದೆ ತರುತ್ತಿದ್ದಳು. ಕ್ರಿಸ್ಮಸ್ಸಿನ ಹಿಂದಿನ ದಿನ ಸಾರಿಗೆ ರೊಟ್ಟಿಯುಂಡೆ ಕಟ್ಟುವಾಗ ಅವಳು ತಡೆಯಲಾರದೆ ಕೇಳಿದಳು:

"ಯಾವಾಗ ಹೇಳ್ತೀರಿ ಅವರಿಗೆ?"

"ಏನನ್ನ?" ಎರ್ಸಿಲಿಯಾ ಉಂಡೆಯನ್ನು ಅಂಗೈಯಲ್ಲಿ ಹೊರಳಿಸಿದಳು.

"ನಿಮಗೆ ಗೊತ್ತು ಏನು ಅಂತ."

"ನಂಗೇನು ಗೊತ್ತಾಗುತ್ತೆ? ನಂಗೆ ಕಣ್ಣು ಎಲ್ಲಿದೆ? ಈ ಮನೇಲಿ ಕಣ್ಣಿರೋದು ನಿಂಗೊಬ್ಬಳಿಗೇ ಅಲ್ವಾ?" ಅಂದಳು ಎರ್ಸಿಲಿಯಾ. ಮತ್ತೆ ಸೊಸೆಯ ಕೈ ನೋಡಿ, "ಉಂಡೆ ಇನ್ನೂ ಚಿಕ್ಕದಾಗ್ಲಿ," ಅಂದಳು.

ವಸಂತ ಬಂತು. ಬೆಂಚಿನ ಮರಗಳೆಲ್ಲ ಹಸಿರು ಕುಂಚ ಬಿಟ್ಟವು. ಪೆಟ್ಟಿಗೆಯ ಲಾರ್ಚ್ ಬಿಡಲಿಲ್ಲ. ವಿಜಿಲಿಯೊ ಉಗುರಿನಿಂದ ತೊಗಟೆ ಕೆರೆದು ನೋಡಿದ, ಒಳಗೆ ಹಸಿರಿನ ಬದಲು ಕಂದು. ಇನ್ನೊಂದು ಕಡೆ ಕೆರೆದ; ಅಲ್ಲೂ ಕಂದು. ಮಾರನೆಯ ದಿನ ಭಾನುವಾರ, ಎಲ್ಲರೂ ಕಾಫಿಗೆ ಕೂತಾಗ ಹೇಳಿದ:

"ಇವತ್ತು ಪೆಟ್ಟಿಗೆ ಬಿಚ್ತೀನಿ. ಬೇರು ನೋಡಿದ್ರೆ ಯಾಕೆ ಸತ್ತಿದೆ ಅಂತ ಗೊತ್ತಾಗುತ್ತೆ."

"ನೋಡಿ ಏನಾಗ್ಬೇಕು?" ಅಂದ ಮೌರೊ. "ನಾನೇ ಕೊಂದಿದ್ದು ಅಂತ ಕಳೆದ ವರ್ಷವೇ ಹೇಳಿದ್ದೀಯಲ್ಲ."

"ಬಗ್ಗಿಸಿದ್ದಕ್ಕೆ ಸತ್ತಿರಲಾರದು. ಆಮೇಲೆ ಸಿಟ್ಟಿನಲ್ಲಿ ತಂತಿ ಕಿತ್ತೆಯಲ್ಲ, ಆಗ ಸತ್ತಿರ್ಬೇಕು. ಅಷ್ಟು ಚಂದ ಕಟ್ಟಿದ್ದನ್ನ ಕೀಳೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು?"

ಮೌರೊ ಲೋಟ ಕೆಳಗಿಟ್ಟ. "ನಾನು ಕಿತ್ತಿದ್ದಾ? ನೀನಲ್ವಾ ಕಿತ್ತಿದ್ದು?"

"ನಾನ್ಯಾಕೆ ಕೀಳ್ಲಿ? ಹಾಗೇ ಇರ್ಲಿ ಅಂದವನು ನಾನೇ!"

ತಂದೆ ಮಗ ಒಬ್ಬರನ್ನೊಬ್ಬರು ನೋಡಿದರು. ಎರ್ಸಿಲಿಯಾ ಮೇಜಿನ ಮೇಲಿದ್ದ ರೊಟ್ಟಿಚೂರುಗಳನ್ನು ಒಂದೊಂದಾಗಿ ಒಟ್ಟುಮಾಡುತ್ತಿದ್ದಳು.

"ನಾನು," ಅಂದಳು ವಾಂದಾ. "ನಾನು ಕಿತ್ತೆ."

"ನೀನಾ? ಯಾಕೆ?" ವಿಜಿಲಿಯೊನ ದನಿ ಕುಸಿಯಿತು.

"ನೀವು ಅದನ್ನ ನೋಡ್ತಾ ನಿಂತಿರಲ್ಲ ಮಾವ. ಬೈದು ಒಳಗೆ ಹೋಗೋವಾಗ ಮತ್ತೆ ತಿರುಗಿ ನೋಡಿದ್ರಲ್ಲ. ನನ್ನ ಯಾವ ಕೆಲಸಾನೂ ಹಾಗೆ ನೋಡಿಲ್ಲ ನೀವು. ಶಭಾಷ್ ಅಂತೀರಿ, ಬೆನ್ನು ತಟ್ಟುತ್ತೀರಿ. ಹಾಗೆ ನೋಡಲ್ಲ." ಅವಳು ಗಂಡನ ಕಡೆ ಕೈ ತೋರಿಸಿದಳು. "ಇವನು ಒಂದು ದಿನ ಕೈಯಿಟ್ಟ. ಒಂದೇ ದಿನ."

ಮೌರೊ ಹೆಂಡತಿಯನ್ನು ನೋಡಿದ. ಸಿಟ್ಟು ಬರಬೇಕಿತ್ತು, ಅವನು ಕಾದ, ಬರಲಿಲ್ಲ. ತನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಡಬಹುದು ಅನ್ನುವುದು ಅವನಿಗೆ ಎಂದೂ ಹೊಳೆದಿರಲಿಲ್ಲ.

"ಅಮ್ಮ, ನಿಂಗೆ ಗೊತ್ತಿತ್ತಾ?" ಅಂತ ಕೇಳಿದ.

"ಗೊತ್ತಿತ್ತು," ಅಂದಳು ಎರ್ಸಿಲಿಯಾ. "ಹೇಳಿದ್ರೆ ಒಂದು ದಿನದ ಜಗಳ. ಹೇಳದೆ ಇದ್ದದ್ದಕ್ಕೆ ಚಳಿಗಾಲ ಪೂರ್ತಿ ಮೆಟ್ಟಿಲು ಫಳಫಳ ಅಂತಿತ್ತು." ಅಷ್ಟು ಹೇಳಿ ನಾಚಿಕೆಯಾದಂತೆ ಎದ್ದು ಒಲೆಗೆ ಸೌದೆ ತುರುಕಿದಳು.

ವಿಜಿಲಿಯೊ ಹೊರಗೆ ಹೋದ. ಹಲಗೆ ಕೀಳುವ ಸದ್ದು ಕೇಳಿಸಿತು. ಒಬ್ಬೊಬ್ಬರಾಗಿ ಮೂವರೂ ಹಿಂದೆ ಹೋದರು. ಅವನು ನೆಲದ ಮೇಲೆ ಕೂತು ಬುಡದ ಸಣ್ಣಕಲ್ಲುಗಳನ್ನು ಬೆರಳಿಂದ ಬಿಡಿಸುತ್ತಿದ್ದ. ದಪ್ಪ ಬೇರುಗಳು ಹೊರಬಂದವು. ಗರಗಸ ಹಾಕಿದ್ದ ತುದಿಗಳು ಕತ್ತರಿಸಿದ ದಿನ ಇದ್ದ ಹಾಗೇ ಇದ್ದವು, ಒಣಗಿ ಕಪ್ಪಾಗಿದ್ದವು. ವಿಜಿಲಿಯೊ ಮತ್ತೆ ಮತ್ತೆ ಹುಡುಕಿದ. ಆಮೇಲೆ ಕೈಯ ಮಣ್ಣನ್ನು ತೊಡೆಗೆ ಒರೆಸಿಕೊಂಡ.

ಅವನು ಸುಮ್ಮನೆ ಇದ್ದುಬಿಡಬಹುದಿತ್ತು. ಬೇರನ್ನು ಓದುವುದು ಆ ಮೂವರಿಗೆ ಗೊತ್ತಿರಲಿಲ್ಲ.

"ಒಂದು ಹೊಸ ಬೇರೂ ಬಿಟ್ಟಿಲ್ಲ," ಅಂದ ಕೊನೆಗೆ. "ಒಂದೂ ಇಲ್ಲ. ಹರಿದ ಬೇರಿದ್ರೆ ಅದರ ಗುರುತು ಇರ್ಬೇಕಿತ್ತು. ಹರಿಯೋಕೆ ಏನೂ ಇರಲೇ ಇಲ್ಲ."

"ಹಾಗಂದ್ರೆ?" ಅಂದ ಮೌರೊ.

"ಕಾಂಡದಲ್ಲಿದ್ದ ಕಸುವಿನಲ್ಲಿ ಒಂದು ಬೇಸಿಗೆ ಚಿಗುರಿದೆ, ಅಷ್ಟೇ. ತಂದ ದಿನವೇ ಮುಗಿದಿತ್ತು. ನೀವು ಮುಟ್ಟೋಕೆ ಮೊದಲೇ." ಅವನು ಕತ್ತರಿಸಿದ ದಪ್ಪ ಬೇರನ್ನು ಹೆಬ್ಬೆರಳಿಂದ ಒತ್ತಿದ. "ಒಂದು ಮಗ್ಗುಲ ಬೇರು ಅಗೆಯೋಕೆ ಒಂದು ವರ್ಷ ಮುಂಚೆ ಕತ್ತರಿಸಿ ಸಿದ್ಧ ಮಾಡಿದ್ದೆ. ಇನ್ನೊಂದು ಮಗ್ಗುಲು ಕಳೆದ ವರ್ಷ ಕತ್ತರಿಸಿ, ಈ ವರ್ಷ ತೆಗೀಬೇಕಿತ್ತು. ಕಾಯಲಿಲ್ಲ. ಒಮ್ಮೆಗೇ ಕಡಿದೆ."

"ಯಾಕೆ ಕಾಯಲಿಲ್ಲ?" ಅಂತ ಕೇಳಿದಳು ಎರ್ಸಿಲಿಯಾ. "ಸೊಸೆಯ ಮುಂದೆ ಮೆರೆಯೋಕೆ?"

"ಹೌದು," ಅಂದ ವಿಜಿಲಿಯೊ.

ಅಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾನೆ ಅಂತ ಅವಳು ಅಂದುಕೊಂಡಿರಲಿಲ್ಲ. ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದಳು, ಅವೆಲ್ಲ ಬಾಯಲ್ಲೇ ಉಳಿದವು. ಗಂಡನ ಮಂಡಿ ನೋಯುವುದು ನೆನಪಾಗಿ ಕೈ ಕೊಟ್ಟು ಎಬ್ಬಿಸಿದಳು.

ಮೌರೊ ಸತ್ತ ಮರದ ಬಳಿ ಬಗ್ಗಿ ನಿಂತಿದ್ದ. "ಅಪ್ಪ," ಅಂದ, "ಆ ಬಾಗು ನಿಜವಾಗ್ಲೂ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ನನ್ನದಕ್ಕಿಂತಲಾ?" ವಾಂದಾ ಕೇಳಿಯೇಬಿಟ್ಟಳು.

ವಿಜಿಲಿಯೊ ಮಗನನ್ನು ನೋಡಿದ, ಸೊಸೆಯನ್ನು ನೋಡಿದ. "ನಾನು ಮೂತಿ ತೊಳ್ಕೊಂಡು ಬರ್ತೀನಿ," ಅಂತ ಒಳಗೆ ಹೋದ.

ಅದಾದಮೇಲೆ ಮನೆಯಲ್ಲಿ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೌರೊ ಸಂಜೆಗಳಲ್ಲಿ ಬೆಂಚಿನ ಬಳಿ ನಿಲ್ಲತೊಡಗಿದ. ಅವನು ನಿಂತರೆ ವಾಂದಾ ನೀರಿನ ಡಬ್ಬ ಹಿಡಿದು ಬರುತ್ತಿದ್ದಳು. ಅವಳು ಬಂದರೆ ಇವನು ಇಕ್ಕಳ ಹುಡುಕುತ್ತಿದ್ದ. ಗಂಡ ಹೆಂಡತಿ ಹಿತ್ತಿಲಲ್ಲಿ ಜಗಳವಾಡುವುದು ರಸ್ತೆಯವರೆಗೂ ಕೇಳಿಸುತ್ತಿತ್ತು. ಆದರೆ ಆ ಜಗಳ ಮಾಡಿಕೊಂಡೇ ಇಬ್ಬರೂ ಊಟಕ್ಕೆ ಬರುತ್ತಿದ್ದರು, ಊಟ ಮಾಡುತ್ತಲೂ ಮುಂದುವರಿಸುತ್ತಿದ್ದರು. ಮೊದಲಿನ ಹಾಗೆ ಒಬ್ಬರು ಗೋಡೆ ನೋಡಿ, ಇನ್ನೊಬ್ಬರು ತಟ್ಟೆ ನೋಡಿ ಉಣ್ಣುತ್ತಿರಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ವಿಜಿಲಿಯೊ ತನ್ನ ಎಲ್ಲಕ್ಕಿಂತ ಹಳೆಯ ಲಾರ್ಚನ್ನು, ಮೊಟ್ಟಮೊದಲು ಅಗೆದು ತಂದದ್ದನ್ನು, ಬೆಂಚಿನಿಂದ ಇಳಿಸಿ ಅಂಗಳದ ಮೇಜಿನ ಮೇಲಿಟ್ಟ. ಮರ ಮೈತುಂಬ ಹಸಿರಾಗಿತ್ತು, ಒಳಗೆ ಬೆಳಕು ಹೋಗದಷ್ಟು ದಟ್ಟವಾಗಿತ್ತು.

"ಒಂದು ಕೊಂಬೆ ತೆಗೀಬೇಕು," ಅಂದ. "ಯಾವುದು?"

"ಎಡಗಡೆ ಎರಡನೇದು," ಅಂದಳು ವಾಂದಾ.

"ಹುಚ್ಚಾ? ಅದು ತೆಗೆದ್ರೆ ಮರ ಕುಂಟುತ್ತೆ," ಅಂದ ಮೌರೊ. "ಹಿಂದಿನದು."

"ಹಿಂದಿನದು ತೆಗೆದ್ರೆ ಆಳ ಎಲ್ಲಿರುತ್ತೆ? ನೀನು ಮರ ನೋಡ್ತಿಲ್ಲ, ಹಲಗೆ ನೋಡ್ತಿದ್ದೀಯ."

"ನೀನು ರಿಬ್ಬನ್ ನೋಡ್ತಿದ್ದೀಯ!"

ಎರ್ಸಿಲಿಯಾ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅಂಗಳ ದಾಟುತ್ತಿದ್ದಳು. ವಿಜಿಲಿಯೊ ಅವಳನ್ನು ಕರೆದ.

"ಎರ್ಸಿಲಿಯಾ. ನೀನು ಹೇಳು."

"ನಾನಾ?"

"ನೀನೇ. ಯಾವುದು?"

ಅವಳು ಬುಟ್ಟಿ ಇಳಿಸಿದಳು. ಗಂಡ ತಮಾಷೆ ಮಾಡುತ್ತಿದ್ದಾನೆಯೇ ಅಂತ ಅವನ ಮುಖ ನೋಡಿದಳು, ಮಾಡುತ್ತಿರಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಮರದ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು. ಅವಳು ಬಲಗಡೆ ಉದ್ದಕ್ಕೆ ಚಾಚಿದ್ದ ಕೊಂಬೆಯನ್ನು ತೋರಿಸಿದಳು.

"ಇದು."

"ಯಾಕೆ?"

"ಬೆಂಚಿನ ಪಕ್ಕ ಬಟ್ಟೆ ಹರವೋಕೆ ಹೋದಾಗೆಲ್ಲ ನನ್ನ ತೋಳು ಗೀರುತ್ತೆ, ದರಿದ್ರದ್ದು."

ಅದು ಮರದ ಮುಖ್ಯ ಕೊಂಬೆ. ಅದನ್ನು ಆ ಭಂಗಿಗೆ ತರಲು ವಿಜಿಲಿಯೊ ಅರ್ಧ ಆಯಸ್ಸು ಕಳೆದಿದ್ದ.

"ಸರಿಯಾ?" ಅಂತ ಎರ್ಸಿಲಿಯಾ ಕೇಳಿದಳು.

"ತಪ್ಪು," ಅಂದ ವಿಜಿಲಿಯೊ, ಮತ್ತು ಕತ್ತರಿಯ ಹಿಡಿಕೆಯನ್ನು ಅವಳ ಕಡೆ ತಿರುಗಿಸಿ ಕೊಟ್ಟ. "ಕತ್ತರಿಸು."

ಅವಳು ಕತ್ತರಿ ತೆಗೆದುಕೊಂಡಳು. ಅದು ಅಂದುಕೊಂಡದ್ದಕ್ಕಿಂತ ಭಾರವಿತ್ತು, ಎರಡು ಕೈಯಿಂದ ಹಿಡಿಯಬೇಕಾಯಿತು. "ಬುಡಕ್ಕೆ ಹತ್ತಿರ," ಅಂದ ವಿಜಿಲಿಯೊ ಮೆಲ್ಲಗೆ, ಅವಳ ಮೊಣಕೈಯನ್ನು ಬೆರಳ ತುದಿಯಿಂದ ಸ್ವಲ್ಪ ಇಳಿಸಿ. "ಇನ್ನೂ ಹತ್ತಿರ. ಹಾಂ. ಅಲ್ಲಿ."

ಕೊಂಬೆ ಮೇಜಿನ ಮೇಲೆ ಬಿತ್ತು. ಅಂಟಿನ ವಾಸನೆ ಎದ್ದಿತು. ಎರ್ಸಿಲಿಯಾ ನಕ್ಕಳು, ಹುಡುಗಿಯ ಹಾಗೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ಮೇಜಿನ ಆಚೆ ಮೌರೊ ಮತ್ತು ವಾಂದಾ, ಮುಂಚಿನ ಜಗಳ ಮರೆತು, ಪಕ್ಕಪಕ್ಕಕ್ಕೆ ನಿಂತು ಅವಳ ಕೈಯಲ್ಲಿದ್ದ ಕತ್ತರಿಯನ್ನೇ ನೋಡುತ್ತಿದ್ದರು. ಇಬ್ಬರಿಗೂ ಹೊಟ್ಟೆ ಉರಿಯುತ್ತಿತ್ತು.